ಹಳದಿ ಕೈ

ಮಾರ್ಚ್ 3, ಸಂಜೆ

ದೀಪಸ್ತಂಭದಿಂದ ಗಾಳಿಮೂಲೆಯವರೆಗೆ ಮುಗಿಯಿತು. ವೈರ್ ಬ್ರಶ್ಶಿನ ಹಿಡಿ ಮತ್ತೆ ಸಡಿಲ. ಬಟ್ಟೆ ಸುತ್ತಿ ಸುಧಾರಿಸಿದೆ. ಕಲ್ಲಿನ ಪಾಚಿ ಕೆರೆ, ಒರೆಸು, ನಡೆದು ಬರುವವರಿಗೆ ದಾರಿಯ ಗುರುತಾಗಿ ಹಳದಿ ಪಟ್ಟೆ ಬಳಿ, ನಡೆ. ಕೆರೆ, ಒರೆಸು, ಬಳಿ, ನಡೆ. ಮಧ್ಯಾಹ್ನ ಆಗುವಷ್ಟರಲ್ಲಿ ನಾನು ನಡೆಯುತ್ತಿದ್ದೇನೋ, ದಾರಿಯೇ ಕಾಲ ಕೆಳಗೆ ಹಿಂದೆ ಸರಿಯುತ್ತಿದೆಯೋ, ಒಂದೂ ತಿಳಿಯದು. ಬಲಕ್ಕೆ ಸಮುದ್ರ. ದಿನವಿಡೀ ಏನೋ ಹೇಳುತ್ತಲೇ ಇರುತ್ತದೆ. ಏನು ಅಂತ ನಿಂತು ಕೇಳಿದರೆ ಏನೂ ಇಲ್ಲ.

ಬಣ್ಣದ ಡಬ್ಬ ಕೊಡುವಾಗ ದಾರಿ ಆಫೀಸಿನ ಹೊಸ ಹುಡುಗಿ ಕೇಳಿದ್ದು ನೆನಪಾಗಿ ಒಬ್ಬಳೇ ನಕ್ಕೆ. “ಆಂಟಿ, ನೀವು ಉತ್ತರದ ತುದಿಯಿಂದ, ನಿಮ್ಮಣ್ಣ ದಕ್ಷಿಣದ ತುದಿಯಿಂದ. ಯಾಕೆ, ಜಗಳಾನಾ? ಒಟ್ಟಿಗೇ ಹೋಗಿ ಎರಡೂ ಕಡೆ ಬಳಿದ್ರೆ ಆಗಲ್ವಾ?”

ಆಗಲ್ಲಮ್ಮಾ ಅಂದೆ. ಕಲ್ಲಿಗೆ ಎರಡು ಮುಖ. ಉತ್ತರದಿಂದ ಬರುವವರಿಗೆ ಕಾಣುವುದು ಒಂದು, ದಕ್ಷಿಣದಿಂದ ಬರುವವರಿಗೆ ಇನ್ನೊಂದು. ಗುರುತು ಎಲ್ಲಿದ್ದರೆ ಕಣ್ಣಿಗೆ ಹೊಡೆಯುತ್ತದೆ ಎನ್ನುವುದು ಆ ಕಡೆಯಿಂದ ನಡೆದು ಬಂದವರಿಗೇ ಗೊತ್ತು. ಮೊದಲು ಅಮ್ಮ ಉತ್ತರದಿಂದ, ಅಪ್ಪ ದಕ್ಷಿಣದಿಂದ ಹೊರಡುತ್ತಿದ್ದರು. ನಡುವೆ, ಹಳೇ ಬಂದರಿನ ಊರಿನಲ್ಲಿ ಎದುರಾಗಿ, ಒಂದು ದಿನ ಕಾಲು ಚಾಚಿ, ಮತ್ತೆ ಅಮ್ಮ ದಕ್ಷಿಣಕ್ಕೆ, ಅಪ್ಪ ಉತ್ತರಕ್ಕೆ. ಈಗ ಅಮ್ಮನ ಕಡೆ ನನಗೆ, ಅಪ್ಪನ ಕಡೆ ಅಣ್ಣನಿಗೆ. ಒಂದೇ ನಿಯಮ — ತಿರುಗಿ ನೋಡಬಾರದು. ಅಮ್ಮ ಒಮ್ಮೆ ತಿರುಗಿ ನೋಡಿ “ನಿಮ್ಮ ಪಟ್ಟೆ ಸೊಟ್ಟಗಿದೆ” ಅಂದದ್ದಕ್ಕೆ ಅಪ್ಪ ಆ ವರ್ಷವೆಲ್ಲ ಮಾತು ಬಿಟ್ಟಿದ್ದರಂತೆ. ಅಂದಿನಿಂದ ಅವರವರ ಮುಖ ಅವರವರಿಗೆ.

ನಮ್ಮಿಬ್ಬರಿಗೆ ಆ ಭಯವಿಲ್ಲ. ಅಣ್ಣ ಮಾತು ಬಿಡಬೇಕಾದರೆ ಮೊದಲು ಹಿಡಿದಿರಬೇಕಲ್ಲ.

ಮಾರ್ಚ್ 5

ಮಂಜು. ಕೈಯಳತೆಯಾಚೆ ಏನೂ ಇಲ್ಲ. ಇಂಥ ದಿನ ಬಣ್ಣ ಹಿಡಿಯುವುದಿಲ್ಲ. ಉದ್ದ ಬೀಚಿನ ಅಂಚಿನ ತಂಗುಮನೆಯಲ್ಲಿ ಬ್ರೆಡ್ಡು ತಿಂದು ಮಲಗಿದೆ. ಎದ್ದು, ಮತ್ತೆ ಮಲಗಿದೆ. ಅಲೆ ಎಲ್ಲಿ ಒಡೆಯುತ್ತಿದೆ ಗೊತ್ತಾಗದು. ಒಮ್ಮೆ ತಲೆಯ ಹಿಂದೆ, ಒಮ್ಮೆ ಮಂಚದ ಕೆಳಗೆ.

ಈ ಸಲವೇ ಕೊನೆ. ಬರೆದೇ ಬಿಟ್ಟೆ. ಬಾಯಲ್ಲಿ ಹೇಳುವುದಕ್ಕಿಂತ ಇದು ಸುಲಭ.

ಬಂದರಿನ ಊರಿನ ಟಾರ್ಪಾಲಿನ್ ಹೊಲಿಯುವ ಅಂಗಡಿಯ ಅಕ್ಕ ಹೋದ ವರ್ಷವೇ ಮಾತು ಕೊಟ್ಟಿದ್ದಾಳೆ. ಏಪ್ರಿಲ್‌ನಿಂದ ಕೆಲಸ. ಅಂಗಡಿ ಮೇಲೆ ಒಂದು ರೂಮು, ಕಟ್ಟೆಯ ಕಡೆಗೆ ಕಿಟಕಿ. ಮೊಣಕಾಲಿಗೂ ಸಾಕಾಗಿದೆ, ನನಗೂ ಸಾಕಾಗಿದೆ. ಅದೇ ಕಲ್ಲು, ಅದೇ ಪಾಚಿ. ಅಣ್ಣನಿಗೆ ಹೇಳಬೇಕು. ಬಂದರಿನಲ್ಲಿ ಸಿಕ್ಕಾಗ ಹೇಳುತ್ತೇನೆ. ನಾನು ಬಿಟ್ಟರೆ ಅವನಿಗೆ ಎದುರಿನಿಂದ ಬರುವವರು ಯಾರೂ ಇಲ್ಲ... ಅದನ್ನೆಲ್ಲ ಈಗ ಯೋಚಿಸಬಾರದು.

ಮಾರ್ಚ್ 8, ಮಧ್ಯಾಹ್ನ

ಬಿಸಿಲು. ‘ಅಜ್ಜಿ’, ‘ಹಲ್ಲುನೋವು’, ‘ಮುನಿಸಿಕೊಂಡ ಸೊಸೆ’ — ಮೂರು ಕಲ್ಲಿಗೂ ಅಲಂಕಾರ ಆಯಿತು. ಹೆಸರೆಲ್ಲ ನಾನಿಟ್ಟಿದ್ದು. ಅಜ್ಜಿ ಬೆನ್ನು ಬಗ್ಗಿಸಿ ಏನೋ ಹುಡುಕುತ್ತಿರುತ್ತಾಳೆ. ಹಲ್ಲುನೋವಿಗೆ ಒಂದು ಕೆನ್ನೆ ಊದಿದೆ. ಇವರ ಜೊತೆ ಮಾತಾಡಿಕೊಂಡು ಬಂದರೆ ಹೊತ್ತು ಹೋಗುತ್ತದೆ.

ಹೊರಡುವ ದಿನ ಅಣ್ಣನನ್ನು ಬೈದು ಬಂದದ್ದು ಇವತ್ತು ಯಾಕೋ ಚುಚ್ಚುತ್ತಿದೆ. ಟೀಯನ್ನು ಲೋಟದ ಪಕ್ಕಕ್ಕೇ ಸುರಿದ. ಮೇಜಿನ ತುಂಬ, ನನ್ನ ಒಗೆದ ಸೀರೆಯ ಮೇಲೆ. “ಕಣ್ಣು ಎಲ್ಲಿಟ್ಟಿದೀಯೋ, ನೆತ್ತಿ ಮೇಲಾ?” ಅಂದೆ. ಅವನು “ಹೂಂ” ಅಂದ. ಬೈದರೂ ಹೂಂ, ಹೊಗಳಿದರೂ ಹೂಂ. ಮಾತು ಬೆಳ್ಳಿ, ಮೌನ ಬಂಗಾರವಂತೆ. ಹಾಗಾದರೆ ನಮ್ಮನೆಯಲ್ಲಿರುವುದು ಬಂಗಾರದ ಅಂಗಡಿ.

ಸೀರೆಯ ಕಲೆ ಹೋಗಲಿಲ್ಲ. ಆದರೂ ಅಷ್ಟು ಬೈಯಬಾರದಿತ್ತು.

ಮಾರ್ಚ್ 11, ಸಂಜೆ — ಬಂದರು

ಊರಿನ ಮೇಲಿನ ಗುಡ್ಡದಲ್ಲಿ ಕೊನೆಯ ಕಲ್ಲು. ಪಟ್ಟೆ ಬಳಿದು, ಇಳಿದು ಊರೊಳಗೆ ಕಾಲಿಟ್ಟೆ. ಕೋಟೆಯ ತಗ್ಗು ಬಾಗಿಲಿಗೆ ಈ ಸಲವೂ ತಲೆ ಹೊಡೆಸಿಕೊಂಡೆ. ಈ ಊರು ಎಂದೋ ಒಂದು ದಿನ ಎದ್ದು ಕೆಲಸ ಮಾಡಿ, ಊಟ ಮಾಡಿ ಮಲಗಿದ್ದು ಇನ್ನೂ ಎದ್ದಿಲ್ಲ. ಹಗ್ಗ ಉಜ್ಜಿ ಉಜ್ಜಿ ಗೀರು ಬಿದ್ದ ಕಟ್ಟೆಯ ಕಲ್ಲುಗಳು. ನೀರಿಗೆ ಇಳಿಯುವ ಮೆಟ್ಟಿಲು — ಕೆಳಗಿನವು ಹಸಿರು, ಅದರ ಕೆಳಗಿನವು ನೆನಪು ಮಾತ್ರ. ಸುಂಕದ ಆಫೀಸಿನ ಗಡಿಯಾರದಲ್ಲಿ ಮುಳ್ಳಿಲ್ಲ. ಅದರ ಕೆಳಗಿನ ಮೆಟ್ಟಿಲಲ್ಲೇ ನಾನೂ ಅಣ್ಣನೂ ಪ್ರತಿ ವರ್ಷ ಸೇರುವುದು.

ಅಣ್ಣ ಬಂದಿಲ್ಲ. ಯಾವಾಗಲೂ ಅವನೇ ಮೊದಲು. ನಾಳೆ ಬರುತ್ತಾನೆ ಬಿಡು.

ಮೆಟ್ಟಿಲ ಮೇಲೆ ಕೂತು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ. “ಅಣ್ಣಾ, ನನಗೆ ಸಾಕಾಗಿದೆ. ಬಿಡ್ತೀನಿ.” ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರು ಅಂತಾರಲ್ಲ, ಅದೇ ಕಥೆ. ಇಲ್ಲಿ ಸುಂಕದವನೂ ಇಲ್ಲ.

ಟೀ ಅಂಗಡಿಯಲ್ಲಿ ದಕ್ಷಿಣದಿಂದ ನಡೆದು ಬಂದ ಒಬ್ಬಾಕೆ ನನ್ನ ಕೈ ನೋಡಿದವಳೇ “ಹಳದಿ ಕೈ!” ಅಂತ ನಕ್ಕು, ಟೀ ಹೇಳಿಬಿಟ್ಟಳು. ಬೇಡ ಅಂದರೂ ಕೇಳಲಿಲ್ಲ. ಪ್ರತಿ ವರ್ಷವೂ ಹೀಗೇ. ಈ ಊರಲ್ಲಿ ನನ್ನ ಟೀಗೆ ನಾನು ಕಾಸು ಬಿಚ್ಚಿದ್ದೇ ಇಲ್ಲ. ಮುಖಲಕ್ಷಣ ಅಂತಿಟ್ಟುಕೊಂಡಿದ್ದೇನೆ. ಒಂದು ಮಾತ್ರ ಖಾತ್ರಿ — ದಕ್ಷಿಣದಿಂದ ಬರುವವರು ಧಾರಾಳಿಗಳು. ಉತ್ತರದಿಂದ ಬರುವವರು ಶುದ್ಧ ಜಿಪುಣರು. ಪಕ್ಕದಲ್ಲೇ ಕೂತು ತಾವಷ್ಟೇ ಕುಡಿದು ಎದ್ದು ಹೋಗುತ್ತಾರೆ.

ಮಾರ್ಚ್ 12

ಬರಲಿಲ್ಲ. ಫೋನು ಮನೆಯ ಅಡುಗೆ ಶೆಲ್ಫ್ ಮೇಲೇ ಇರುತ್ತದೆ, ನನಗೆ ಗೊತ್ತು. “ಸಮುದ್ರದ ಹತ್ರ ಹೋಗೋನಿಗೆ ಅದ್ಯಾಕೆ” — ಅವನು ಒಂದು ವರ್ಷದಲ್ಲಿ ಆಡಿದ ಅತಿ ಉದ್ದದ ವಾಕ್ಯ.

ಟಾರ್ಪಾಲಿನ್ ಅಂಗಡಿಯ ಅಕ್ಕ ರೂಮು ತೋರಿಸಿದಳು. ಗೋಡೆಗೆ ಹೊಸ ಸುಣ್ಣ. ಕಿಟಕಿ ತೆಗೆದರೆ ಕಟ್ಟೆ, ದೋಣಿಗಳ ಬೆನ್ನು, ಆಚೆ ಎಲ್ಲ ಬೆಳಕು. ಮಂಚದ ಮೇಲೆ ಕೂತು ನೋಡಿದೆ. ಏನು ಸುಖ! ಎದ್ದೇಳಲು ಮನಸ್ಸಾಗಲಿಲ್ಲ. “ಅಣ್ಣಂಗೆ ಹೇಳಿದ್ಯಾ?” ಅಂದಳು. “ಬರಲಿ, ಹೇಳ್ತೀನಿ” ಅಂದೆ. ಅಕ್ಕ ಏನೋ ಹೇಳಲು ಹೋಗಿ ಸೂಜಿಗೆ ದಾರ ಪೋಣಿಸತೊಡಗಿದಳು.

ಮಾರ್ಚ್ 14, ಬೆಳಿಗ್ಗೆ

ಇಲ್ಲ.

ದಕ್ಷಿಣದಿಂದ ಒಂದು ಜೋಡಿ ಬಂತು, ಗಂಡ ಹೆಂಡತಿ. ಹಳದಿ ಕೈ, ನಗು, ಟೀ. ಟೀ ಪಕ್ಕಕ್ಕಿಟ್ಟು, ದಾರಿಯಲ್ಲಿ ಬಣ್ಣ ಬಳಿಯುವವನು ಸಿಕ್ಕನಾ ಅಂತ ಕೇಳಿದೆ.

“ಇಲ್ವಲ್ಲ. ಶುರುವಲ್ಲೆಲ್ಲ ಹೊಸ ಬಣ್ಣ ಇತ್ತು,” ಅಂದ ಗಂಡ. “ಕೊನೇ ಎರಡು ಬೀಚು ಮಾತ್ರ ಹಳೇದು, ಮಾಸಿಹೋಗಿದೆ.”

“ಯಾರನ್ನೂ ನೋಡ್ಲಿಲ್ವಾ?”

“ದೋಣಿ ಹತ್ರ ಇಬ್ಬರು ಕೂತಿದ್ರಪ್ಪ,” ಅಂದಳು ಹೆಂಡತಿ. “ಟಾರು ಬಳೀತಾ ಹರಟೆ ಹೊಡೀತಿದ್ರು. ಒಬ್ಬರಂತೂ ಬಾಯಿ ಮುಚ್ಚಿದ್ದೇ ಕಾಣ್ಲಿಲ್ಲ. ಕೈಯೆಲ್ಲ ಕಪ್ಪು.”

ಹರಟೆ ಅಂದಮೇಲೆ ನಮ್ಮಣ್ಣನಲ್ಲ.

ಎರಡು ಬೀಚು ಮಾಸಿದೆ ಅಂದರೆ ಅದಕ್ಕೆ ಮುಂಚೆಯೇ ನಿಂತಿದ್ದಾನೆ. ಯಾಕೆ ನಿಂತ? ಬಂಡೆ ತುದಿಯ ದಾರಿ ಕಣ್ಣಮುಂದೆ ಬರುತ್ತಿದೆ. ಬೇಡದ್ದೆಲ್ಲ ಬರುತ್ತಿದೆ. ನಾಳೆಯವರೆಗೆ ಕಾಯಲಾರೆ, ಹೊರಟೆ.

ಅದೇ ದಿನ, ಮಧ್ಯಾಹ್ನ

ಮೊದಲ ಬೀಚು ದಾಟಿದೆ. ಡಬ್ಬ ಹೊತ್ತಿದ್ದೇನೆ, ಬಳಿಯುತ್ತಿಲ್ಲ. ಈ ದಾರಿಯಲ್ಲಿ ಬಳಿಯದೆ ನಡೆದದ್ದು ಇದೇ ಮೊದಲು. ಕೈಗೆ ಕೆಲಸವಿಲ್ಲದೆ ಕಾಲು ಓಡುತ್ತದೆ.

ಪ್ರತಿ ಕಲ್ಲಿನ ಹತ್ತಿರವೂ ತಿರುಗಿ ಅವನು ಬಳಿಯುವ ಮುಖ ನೋಡಬೇಕು ಅನ್ನಿಸುತ್ತದೆ. ನೋಡಲಿಲ್ಲ. ನಿಯಮಕ್ಕೆ ಹೆದರಿ ಅಲ್ಲ. ನೋಡಿ, ಬಣ್ಣ ಇಲ್ಲದಿದ್ದರೆ? ಇಲ್ಲ ಅಂತ ಆ ಜೋಡಿ ಹೇಳಿದ್ದಾರೆ. ಆದರೂ ನನ್ನ ಕಣ್ಣಿಂದ ನೋಡುವುದು ಬೇಡ.

ಬಿಳಿ ಮರಳು. ಮೇಲೆ ತೆಳು ಮಂಜು. ಸಮುದ್ರ ಯಾವುದು, ಆಕಾಶ ಯಾವುದು... ನಿದ್ದೆಯಲ್ಲಿ ನಡೆದ ಹಾಗೆ. ಅಣ್ಣಾ ಅಂತ ಕೂಗಿದೆ. ಕೂಗು ಸ್ವಲ್ಪ ದೂರ ಹೋಗಿ ಮೆತ್ತಗೆ ಎಲ್ಲೋ ಕೂತುಬಿಟ್ಟಿತು.

ಮಾರ್ಚ್ 15, ಬೆಳಿಗ್ಗೆ

ಸಿಕ್ಕ. ಸಿಕ್ಕ. ಸಿಕ್ಕ.

ನಿನ್ನೆ ಬರೆಯಲಾಗಲಿಲ್ಲ. ಈಗ ಬರೆಯುತ್ತೇನೆ.

ಎರಡನೇ ಬೀಚು ಮುಗಿದು ದಾರಿ ಏರುವಲ್ಲಿ ಹುಲ್ಲಿನ ಮೇಲೆ ಹಳದಿ ಹನಿ. ಆಮೇಲೆ ಇನ್ನೊಂದು, ಅಂಗೈಯಷ್ಟು.  ಕಲ್ಲು ದಾಟಿ ಹೋದವಳು ನಿಂತೆ. ತಿರುಗಿದೆ.

ಕಲ್ಲಿನ ಆ ಮುಖದ ತುಂಬ ಅಕ್ಷರ. ಪಟ್ಟೆ ಅಲ್ಲ, ಅಕ್ಷರ. ಒಂದೊಂದೂ ನನ್ನ ತಲೆಯಷ್ಟು ದೊಡ್ಡದು. ಎರಡೇ ಹಿಡಿದಿವೆ —

ಕೂತೆ

ನನಗೆ ನಗುವೋ ಅಳುವೋ ಬಂತು. ಕೆಳಗಿನ ಮರಳಿನಿಂದ ಮಾತು ಕೇಳಿಸುತ್ತಿತ್ತು. ಇಳಿದು ಓಡಿದೆ. ಮಗುಚಿ ಹಾಕಿದ ಒಂದು ದೋಣಿ, ಟಾರಿನ ವಾಸನೆ, ದೋಣಿಯ ಮುದುಕ. ಪಕ್ಕದಲ್ಲಿ ನಮ್ಮಣ್ಣ. ಕೈಯೆಲ್ಲ ಕಪ್ಪು. ಅಪ್ಪ ಏಡಿ ಹಿಡಿಯಲು ಹೋಗಿ ನೀರಿಗೆ ಬಿದ್ದ ಕಥೆ ಹೇಳುತ್ತಿದ್ದ. ಕೈ ಆಡಿಸಿಕೊಂಡು. ನಮ್ಮಣ್ಣ!

“ಬದುಕಿದೀಯಲ್ಲೋ!” ಅಂದೆ. ಆಮೇಲೆ ಏನೇನು ಬೈದೆನೋ ನೆನಪಿಲ್ಲ. ಮುದುಕ ಬ್ರಶ್ಶು ಬಿಟ್ಟು ಎದ್ದು ನಿಂತಿದ್ದ.

“ತಂಗಿನಾ?” ಅಂದ ಮುದುಕ. “ಕರ್ಕೊಂಡು ಹೋಗಮ್ಮಾ ಪುಣ್ಯ ಬರತ್ತೆ. ಬಂದಾಗಿಂದ ನನ್ನ ತಲೆ ತಿಂತಿದಾನೆ. ದೋಣಿ ಆಚೆ ಪಕ್ಕ ಬಳಿಯೋಕೇ ಬಿಟ್ಟಿಲ್ಲ.”

ಅಣ್ಣ ಹೂಂ ಅಂದ. ನನ್ನನ್ನು ಕಂಡ ಕೂಡಲೇ ಬೀಗ ಬಿತ್ತು ನೋಡು ಬಾಯಿಗೆ. ನನ್ನ ಕಡೆ ತಿರುಗಿದ, ಆದರೆ ನೋಡಿದ್ದು ನನ್ನ ಪಕ್ಕಕ್ಕೆ.

“ಎಲ್ಲಿ ನೋಡ್ತಿದೀಯ? ನನ್ನ ಕಿವೀಲೇನಿದೆ?”

“ನಿನ್ನ ಮುಖ ಕಾಣ್ಬೇಕಂದ್ರೆ ಕಿವಿ ನೋಡ್ಬೇಕು ಪುಟ್ಟಿ ಈಗ,” ಅಂದ. “ನಡುವೆ ಹೋಗಿದೆ. ಅಂಚು ಮಾತ್ರ ಇದೆ.”

ಮರಳಿನ ಮೇಲೆ ಕೂತುಬಿಟ್ಟೆ. ಮೇಜಿನ ಮೇಲೆ ಸುರಿದ ಟೀ. ನೆತ್ತಿ ಮೇಲಾ ಕಣ್ಣು ಅಂದಿದ್ದೆನಲ್ಲ, ನಾನು ಪಾಪಿ.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬಿಡ್ತಿರಲಿಲ್ಲ.”

“ಏನನ್ನ?”

“ದಾರಿನ. ಟಾರ್ಪಾಲಿನ್ ಅಕ್ಕ ಹೋದ ವರ್ಷವೇ ಹೇಳಿದ್ಲು. ರೂಮು, ಕಿಟಕಿ, ಎಲ್ಲ. ಈ ಸಲ ಹೇಗಾದ್ರೂ ಬಂದರು ಮುಟ್ಟಿ, ನೀನು ಹೇಳೋದು ಕೇಳ್ಕೊಂಡು, ಹೂಂ ಅಂದುಬಿಟ್ರೆ ಮುಗೀತು ಅಂದ್ಕೊಂಡಿದ್ದೆ. ಆ ಕಲ್ಲಿನ ಹತ್ರ ಕಾಲಿಗೆ ನೆಲ ಸಿಗ್ಲಿಲ್ಲ. ಕೂತೆ.”

ಇಷ್ಟು ಉದ್ದ ಅವನು ನನ್ನ ಹತ್ತಿರ ಮಾತಾಡಿದ್ದೇ ಇಲ್ಲ. ಅತ್ತೆ. ಮುದುಕ ಮೆಲ್ಲಗೆ ದೋಣಿಯ ಆಚೆ ಪಕ್ಕಕ್ಕೆ ಹೋಗಿ ಬಳಿಯತೊಡಗಿದ. ಕೊನೆಗೂ.

ಮಾರ್ಚ್ 15, ಸಂಜೆ

ಅವನನ್ನು ಕರೆದುಕೊಂಡು ಬಂದರಿನ ಕಡೆಗೆ ಹಿಂದಿರುಗುತ್ತಿದ್ದೇನೆ. ನಾನು ಮುಂದೆ, ನನ್ನ ಹೆಗಲ ಮೇಲೆ ಅವನ ಕೈ. ಅವನ ದಿಕ್ಕು, ದಕ್ಷಿಣದಿಂದ ಉತ್ತರಕ್ಕೆ. ಸಮುದ್ರ ಎಡಕ್ಕಿದೆ! ಇಷ್ಟು ವರ್ಷದಲ್ಲಿ ಸಮುದ್ರವನ್ನು ಎಡಕ್ಕಿಟ್ಟುಕೊಂಡು ನಡೆದವಳಲ್ಲ ನಾನು. ಅದರ ಮಾತು ಕೇಳಿಸುವ ಕಿವಿಯೇ ಬೇರೆ. ಹೊಸ ಊರಿಗೆ ಬಂದ ಹಾಗಿದೆ.

ಮತ್ತೆ ಕಲ್ಲುಗಳು. ದೇವರೇ. ಅವನ ಹಳೇ ಬಣ್ಣ, ಮಾಸಿದ್ದು. ಪಟ್ಟೆಯ ಪಕ್ಕದಲ್ಲಿ ಪುಟ್ಟ ಪುಟ್ಟ ಅಕ್ಷರ. ಕಿರುಬೆರಳಿನಷ್ಟು, ಅಚ್ಚುಕಟ್ಟು.

ಏರಿನಲ್ಲಿ: ಕೂತ್ಕೊಳ್ಳಿ. ಯಾರೂ ನೋಡ್ತಿಲ್ಲ.

ಏರು ಮುಗಿದಲ್ಲಿ: ಟೋಪಿ ಹಿಡ್ಕೊಳ್ಳಿ. ನಂದು ಇಲ್ಲೇ ಹೋಯ್ತು.

ಮರಳು ಶುರುವಾಗುವಲ್ಲಿ: ಶೂ ಬಿಚ್ಚಿ. ಆಮೇಲೆ ಥ್ಯಾಂಕ್ಸ್ ಹೇಳ್ತೀರ.

ಓದುತ್ತಾ ನಿಂತೆ. “ಇದೆಲ್ಲ ನೀನಾ?” ಅಂದೆ. ಹೆಗಲ ಮೇಲಿನ ಕೈ ಕಳ್ಳನ ಕೈ ಥರ ಸಡಿಲಾಯಿತು.

“ಬರೋರು ಒಬ್ಬೊಬ್ಬರೇ ಬರ್ತಾರೆ ಪುಟ್ಟಿ. ಬೇಜಾರಾಗತ್ತಲ್ಲ ಅವರಿಗೆ.”

“ಮನೇಲಿ ಇದ್ದೋಳಿಗೆ ಬೇಜಾರಾಗ್ತಿರಲಿಲ್ವಾ?”

“ನಿನ್ನೆದುರು ನನಗೆ ಮಾತು ಎಲ್ಲಿ ಸಿಗತ್ತೆ. ನೀನೇ ಖಾಲಿ ಮಾಡಿರ್ತೀಯ.”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಷ್ಟು ನಕ್ಕೆನೆಂದರೆ ಅವನೂ ಗಾಬರಿಯಾಗಿ ನಕ್ಕ. ಅಮ್ಮ ತಿರುಗಿ ನೋಡಿ ಸೊಟ್ಟ ಕಂಡಳು. ನಾನು ತಿರುಗಿ ನೋಡದೆ ಇದನ್ನೆಲ್ಲ ಕಳೆದುಕೊಂಡೆ.

ಕಲ್ಲು ಬರುವ ಮುಂಚೆಯೇ ಅವನು ಕಾಲಿನ ಲೆಕ್ಕದಲ್ಲಿ ಹೆಸರು ಹೇಳುತ್ತಾನೆ. ನಾನು ‘ಕೊಡೆ ಮರೆತವನು’ ಅನ್ನುವ ಕಲ್ಲಿಗೆ ಅವನು ‘ಮದುವಣಗಿತ್ತಿ’ ಅನ್ನುತ್ತಾನೆ. ಸುಳ್ಳು ಅಂತ ಜಗಳ ತೆಗೆದೆ. ಅವನ ಕಡೆಯಿಂದ ನೋಡಿದೆ. ಹೌದು, ಮದುವಣಗಿತ್ತಿಯೇ, ತಲೆ ತಗ್ಗಿಸಿಕೊಂಡಿದ್ದಾಳೆ. ಒಂದೊಂದು ಪಟ್ಟೆಗೂ ನಾನೇ ಹೊಸ ಬಣ್ಣ ಕೊಟ್ಟೆ. ಅಕ್ಷರಗಳನ್ನೂ ತಿದ್ದಿದೆ, ಅವನ ಗೆರೆ ಬಿಡದ ಹಾಗೆ. ಅವನು ಡಬ್ಬ ಹಿಡಿದು ನಿಂತಿರುತ್ತಾನೆ.

ಮಾರ್ಚ್ 16 — ಬಂದರು

ಊರಿಗೆ ಮುಂಚಿನ ಕೊನೆಯ ಕಲ್ಲು ಬಂತು. ಅಣ್ಣ ಇದ್ದಕ್ಕಿದ್ದಂತೆ ಚುರುಕಾದ. “ಇದು ಬೇಡ ಬಿಡು, ಹೊತ್ತಾಯ್ತು, ನಡಿ ನಡಿ” ಅಂತ ಹೆಗಲು ತಳ್ಳತೊಡಗಿದ. ಅಂದಮೇಲೆ ನಾನು ನಿಲ್ಲದೆ ಇರುತ್ತೇನೆಯೇ?

ಪಟ್ಟೆಯ ಪಕ್ಕದಲ್ಲಿ: ಮುಂದಿನ ಊರಲ್ಲಿ ನನ್ನ ತಂಗಿ ಸಿಗ್ತಾಳೆ. ಹಳದಿ ಕೈ. ಬಹಳ ದೂರದಿಂದ ನಡೆದು ಬಂದಿರ್ತಾಳೆ. ಒಂದು ಟೀ ಕೊಡಿಸಿ. ಬೈದ್ರೆ ಬೇಜಾರು ಮಾಡ್ಕೋಬೇಡಿ.

ಬಣ್ಣದ ಮೇಲೆ ಬಣ್ಣ. ಎಷ್ಟು ವರ್ಷದ್ದೋ. ಅಕ್ಷರದ ಅಂಚು ದಪ್ಪಗಟ್ಟಿ ಕೈಗೆ ಸಿಗುವಷ್ಟಾಗಿದೆ.

ನಾನು ಕುಡಿದ ಟೀಗಳೆಲ್ಲ ನೆನಪಾದವು. ಆ ನಗುಗಳು. ಮುಖಲಕ್ಷಣವಂತೆ!  ಅವನ ಕಡೆ ತಿರುಗಿದೆ. ಕೊನೆಗೆ ನಾನೇ ಹೂಂ ಅಂದೆ.

“ಓದಿದ್ಯಾ?” ಅಂದ.

“ಹೂಂ.”

“ಬೈಯಲ್ವಾ?”

ಬೈಯಲಿಲ್ಲ. ಸಣ್ಣ ಬ್ರಶ್ಶು ತೆಗೆದು ಒಂದೊಂದೇ ಅಕ್ಷರ ತಿದ್ದಿದೆ. ನನ್ನ ಬಗ್ಗೆ ಬರೆದದ್ದನ್ನು ನಾನೇ ತಿದ್ದುವುದು... ನಾಚಿಕೆಯಾಯಿತು. ಒಂದು ಒತ್ತೂ ಬಿಡಲಿಲ್ಲ ಮಾತ್ರ.

ಮಾರ್ಚ್ 19

ಕಣ್ಣಿನ ಡಾಕ್ಟರು. ಒಳಗಿನ ಪರದೆ ಸವೆದಿದೆಯಂತೆ. ಹೋದದ್ದು ಬರುವುದಿಲ್ಲ. ಉಳಿದದ್ದು ಇರುವಷ್ಟು ದಿನ ಇರುತ್ತದೆ. ಬಂಡೆ ದಾರಿ ಇನ್ನು ಬೇಡವೇ ಬೇಡ ಅಂದರು. ಅಣ್ಣ ಹೂಂ ಅಂದ. ಈ ಹೂಂ ಬೇರೆ ಥರ ಇತ್ತು. ಇಷ್ಟು ವರ್ಷ ಎಲ್ಲ ಹೂಂಗಳೂ ಒಂದೇ ಅಂದುಕೊಂಡಿದ್ದೆ.

ಮಾರ್ಚ್ 23, ಬೆಳಿಗ್ಗೆ

ಟಾರ್ಪಾಲಿನ್ ಅಕ್ಕನಿಗೆ ಹೇಳಿದೆ. “ಕೆಲಸ ಬೇಡಕ್ಕ. ರೂಮು ಬೇಕು.”

“ಇದೊಳ್ಳೆ ಚೆನ್ನಾಗಿದೆ! ಕೆಲಸ ಮಾಡೋರಿಗೆ ರೂಮು.”

“ಕೆಲಸ ಅವನು ಮಾಡ್ತಾನೆ.”

ಅಕ್ಕ ಅಣ್ಣನ ಕೈಗೆ ಹಗ್ಗದ ತುದಿ ಕೊಟ್ಟಳು. ಅವನು ಕಿಟಕಿಯ ಕಡೆ ಮುಖ ಮಾಡಿ ಬೆರಳಲ್ಲೇ ಎಳೆ ಬಿಡಿಸಿ, ಹೆಣೆದು, ಬಿಗಿದು ಕೊಟ್ಟ. ಅಕ್ಕ ಎಳೆದು ನೋಡಿದಳು. “ಮಾತಾಡ್ತಾನಾ ಇವ್ನು? ಅಂಗಡೀಲಿ ಸುಮ್ನೆ ಕೂತೋರನ್ನ ಕಂಡ್ರೆ ನನಗಾಗಲ್ಲ” ಅಂದಳು. “ನಾನು ಹೊರಗೆ ಹೋದ್ರೆ ಮಾತಾಡ್ತಾನೆ” ಅಂದೆ.

ಅಣ್ಣ ಬಿಡುವುದಿಲ್ಲ. “ನಿನಗೆ ಸಾಕಾಗಿತ್ತಲ್ಲ ಪುಟ್ಟಿ. ನನಗೋಸ್ಕರ ಮತ್ತೆ ಹೊರಡ್ಬೇಡ. ನಂಗದು ಬೇಡ.” ಅವನಿಗೆ ಹೇಗೆ ಹೇಳುವುದು? ನಿನಗೋಸ್ಕರ ಅಲ್ಲ ಕಣೋ. ನನಗೆ ಸಾಕಾದ ದಾರಿ ಅರ್ಧ ಮಾತ್ರ. ಇನ್ನರ್ಧ ನಾನು ನೋಡೇ ಇಲ್ಲ. ‘ಅಜ್ಜಿ’ ನಿನ್ನ ಕಡೆಯಿಂದ ಏನಾಗಿದ್ದಾಳೆ? ಅವಳ ಮೇಲೆ ಏನು ಬರೆದಿದ್ದೀಯ? ಅದನ್ನು ಓದದೆ ನನಗೆ ಟಾರ್ಪಾಲಿನ್ ಹೊಲಿಯಲು ಕೈ ಬರುವುದಿಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ನನ್ನ ಕಿವಿ ನೋಡುತ್ತಾ ಕೂತಿದ್ದ, ಅಂದರೆ ನನ್ನ ಮುಖ.

“ಅಜ್ಜಿ ಅಂದ್ರೆ ಯಾವುದು?” ಅಂದ.

ಮಾರ್ಚ್ 27, ಸಂಜೆ

ರೂಮಿನಲ್ಲಿ ಎರಡು ಮಂಚ ಹಿಡಿಯಿತು, ನಡುವೆ ಕಾಲಿಡಲು ಜಾಗವಿಲ್ಲ. ಅಣ್ಣ ಕೆಲಸ ಮುಗಿಸಿ ಸುಂಕದ ಆಫೀಸಿನ ಮೆಟ್ಟಿಲ ಮೇಲೆ ಕೂರುತ್ತಾನೆ. ಡಾಕ್ಟರು ಕೊಟ್ಟ ಕಪ್ಪು ಕನ್ನಡಕ. ಯಾವುದೋ ಹಡಗಿನ ಯಜಮಾನನ ಹಾಗೆ ಕಾಣುತ್ತಾನೆ.

“ಸಮುದ್ರ ಹೇಗಿದೆ ಇವತ್ತು?” ಅಂದ.

“ಸಮುದ್ರ ಇದ್ದ ಹಾಗಿದೆ.”

ಮುಖವನ್ನು ನೀರಿನ ಕಡೆಗೆ ತಿರುಗಿಸಿಕೊಂಡ. ತಪ್ಪು ಮಾಡಿದೆ ಅಂತ ಗೊತ್ತಾಯಿತು. ಏನು ಹೇಳಬೇಕು? ಇಷ್ಟು ವರ್ಷ ಪಕ್ಕದಲ್ಲೇ ಇದ್ದದ್ದನ್ನು ಹೇಳು ಅಂದರೆ ನನಗೆ ಬಾಯಿ ಬರುವುದಿಲ್ಲ. ನನಗೆ! ಆಗ ದಕ್ಷಿಣದಿಂದ ಬಂದ ಒಬ್ಬಳು, ಬೆನ್ನಿಗೆ ಚೀಲ ಹೊತ್ತ ಹುಡುಗಿ, ಪಕ್ಕದಲ್ಲಿ ಕೂತಳು. ನನ್ನ ಕೈ ನೋಡಿ ನಕ್ಕಳು, ಟೀ ತರಿಸಿದಳು. ಅಣ್ಣ ಅವಳನ್ನೇ ಕೇಳಿದ. ಅವಳು ಹೇಳಿದ್ದೇ ಹೇಳಿದ್ದು — ಬೆಳಿಗ್ಗೆ ಹಾಲಿನ ಹಾಗಿತ್ತಂತೆ, ಬಂಡೆ ಹತ್ತಿರ ಕರಿ ಹಸಿರಂತೆ, ಮಧ್ಯಾಹ್ನ ನೋಡಲಿಕ್ಕೇ ಆಗದಷ್ಟು ಬೆಳಕಂತೆ, ಒಂದು ಕಡೆ ಸಾವಿರ ಹಕ್ಕಿ ನೀರಿನ ಮೇಲೆ ಸುಮ್ಮನೆ ಕೂತಿದ್ದವಂತೆ. ಅಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ಎದ್ದು ಹೋದ ಮೇಲೂ ಮುಚ್ಚಿಕೊಂಡೇ ಇದ್ದ. ಮುಖದಲ್ಲಿ ಎಂಥ ಸಮಾಧಾನ. ನಾನು ಟೀ ಆರಿಸಿಕೊಂಡೇ ಕುಡಿದೆ.

ಉತ್ತರದಿಂದಲೂ ಇಬ್ಬರು ಬಂದರು. ಅಣ್ಣ ಅವರ ಕಡೆಗೂ ಮುಖ ತಿರುಗಿಸಿದ, ಕಾದ. ಅವರು ತಮ್ಮಷ್ಟಕ್ಕೆ ತಾವು ದಾಟಿ ಹೋದರು. ಜಿಪುಣರಲ್ಲ ಅವರು. ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಏಪ್ರಿಲ್ 1, ಬೆಳಿಗ್ಗೆ — ಗುಡ್ಡದ ಮೇಲೆ

ಉತ್ತರಕ್ಕೆ ಹೊರಟಿದ್ದೇನೆ, ಅವನ ದಿಕ್ಕಿನಲ್ಲಿ, ಅವನ ಮುಖಗಳಿಗೆ. ಇನ್ನು ಮೇಲೆ ಹೋಗುವಾಗ ಅವನದು, ಬರುವಾಗ ನನ್ನದು. ದಾರಿ ಆಫೀಸಿನ ಹುಡುಗಿಗೆ ಫೋನ್ ಮಾಡಿದರೆ “ಜಗಳ ಮುಗೀತಾ ಆಂಟಿ?” ಅಂದಳು. ಅಣ್ಣ ಕೋಟೆ ಬಾಗಿಲವರೆಗೆ ಬಂದ. “ತಲೆ!” ಅಂತ ಎಚ್ಚರಿಸಿದ, ನಾನು ಹೊಡೆಸಿಕೊಂಡ ಮೇಲೆ.

ಊರು ದಾಟಿದ ಮೊದಲ ಕಲ್ಲು. ಈ ಮುಖದಲ್ಲಿ ಅವನು ಬರೆದದ್ದು: ತಿರುಗಿ ನೋಡಿ. ಊರು ಇಲ್ಲಿಂದಲೇ ಚಂದ. ತಿರುಗಿ ನೋಡಿದೆ. ಕೆಳಗೆ ಕಟ್ಟೆ, ಮುಳ್ಳಿಲ್ಲದ ಗಡಿಯಾರ. ಅದರ ಕೆಳಗೆ ಒಂದು ಚುಕ್ಕೆ, ನಮ್ಮಣ್ಣ. ಆಗಲೇ ಹೋಗಿ ಕೂತಿದ್ದಾನೆ.

ಅವನ ಅಕ್ಷರಕ್ಕೆ ಬಣ್ಣ ಕೊಟ್ಟು, ಕಲ್ಲನ್ನು ಸುತ್ತಿ ಬಂದು ನನ್ನ ಮುಖದ ಎದುರು ನಿಂತೆ. ಹೋದ ತಿಂಗಳು ನಾನೇ ಬಳಿದ ಪಟ್ಟೆ, ಸೊಟ್ಟಗಿದೆ. ಪಕ್ಕದಲ್ಲಿ ಇಷ್ಟು ವರ್ಷದಿಂದ ಖಾಲಿ ಜಾಗ. ಸಣ್ಣ ಬ್ರಶ್ಶು ತೆಗೆದೆ.  ಕಲ್ಲಿನ ಮೇಲೆ ಇಳಿಸುವ ಮುಂಚೆ ಇಲ್ಲಿ ಬರೆದು ನೋಡುತ್ತೇನೆ —

ಮುಂದೆ ಕಟ್ಟೆ ಹತ್ರ ನಮ್ಮಣ್ಣ ಕೂತಿರ್ತಾನೆ. ಕಪ್ಪು ಕನ್ನಡಕ. ಟೀ ಬೇಡ. ಸಮುದ್ರ ಹೇಗಿತ್ತು ಅಂತ ಅವನಿಗೆ ಹೇಳಿ.